ಪುಟ್ಟ ನಾಯಿಗೆ ಐಸ್‌ಕ್ರೀಮ್: ಕೊಡಬಹುದೇ, ಎಷ್ಟು ಕೊಡಬಹುದು, ಬದಲಿಗೆ ಏನು ಕೊಡಬೇಕು

ಶಿಟ್ಜು, ಪೊಮೆರೇನಿಯನ್, ಪಗ್, ಡ್ಯಾಶ್‌ಹಂಡ್, ಲಾಸಾ ಆಪ್ಸೊ ಇರುವ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಏಳುವ ಪ್ರಶ್ನೆ ಇದು: ನಾವು ತಿನ್ನುವ ಐಸ್‌ಕ್ರೀಮಿನಲ್ಲಿ ಇದಕ್ಕೂ ಸ್ವಲ್ಪ ಕೊಟ್ಟರೆ ಏನಾದರೂ ಆಗುತ್ತದಾ? ಆರೋಗ್ಯವಾಗಿರುವ, ವರ್ಷ ತುಂಬಿದ ನಾಯಿ ಒಂದು ಟೀ ಚಮಚ ಸಾದಾ ವೆನಿಲಾ ನೆಕ್ಕಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ನಾಯಿಗೆ ಇಡೀ ಕಪ್ ಇಟ್ಟರೆ ಹೊಟ್ಟೆ ಕೆಡುವ ಸಾಧ್ಯತೆ ಬಹಳ. ಚಾಕೊಲೇಟ್, ಕಾಫಿ, ದ್ರಾಕ್ಷಿ ಅಥವಾ ಒಣದ್ರಾಕ್ಷಿ ಇರುವ ಐಸ್‌ಕ್ರೀಮ್, ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ಶುಗರ್‌ಫ್ರೀ ಐಸ್‌ಕ್ರೀಮ್ ಇವುಗಳಲ್ಲಿ ಒಂದು ಚಮಚವೂ ಬೇಡ. ಬೇಸಿಗೆಯುದ್ದಕ್ಕೂ ತಣ್ಣಗಿನದ್ದು ಏನಾದರೂ ಕೊಡಬೇಕೆಂದಿದ್ದರೆ ಐಸ್‌ಕ್ರೀಮಿಗಿಂತ ಫ್ರೀಜ್ ಮಾಡಿದ ಮೊಸರು ಎಷ್ಟೋ ಮೇಲು. ಅದರ ಅಳತೆ, ವಿಧಾನ ಎಲ್ಲವೂ ಕೆಳಗಿದೆ.

ಮೊದಲು ತೂಕ ನೋಡಿ

ಪುಟ್ಟ ನಾಯಿಯ ವಿಷಯದಲ್ಲಿ ಎಲ್ಲ ತಪ್ಪುಗಳೂ ಶುರುವಾಗುವುದು ಅಳತೆಯಲ್ಲಿ. ನಮ್ಮ ಕಣ್ಣಿಗೆ ಚೂರೇ ಚೂರು ಅನ್ನಿಸುವುದು ಮೂರು ಕೆ.ಜಿ. ದೇಹಕ್ಕೆ ಒಂದು ಊಟ. ಹಾಗಾಗಿ ನಾಯಿಯ ತೂಕ ಗೊತ್ತಿಲ್ಲದೆ ಮುಂದಿನ ಯಾವ ಲೆಕ್ಕವೂ ಹೊಂದುವುದಿಲ್ಲ.

ಮನೆಯಲ್ಲಿ ತೂಕದ ಯಂತ್ರ ಇದ್ದರೆ ಮೊದಲು ನೀವೊಬ್ಬರೇ ನಿಂತು ನೋಡಿ, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು ನೋಡಿ, ಕಳೆಯಿರಿ. ನಾಯಿ 3 ಕೆ.ಜಿ.ಗಿಂತ ಕಡಿಮೆ ಇದ್ದರೆ ಈ ವಿಧಾನದಲ್ಲಿ 200-300 ಗ್ರಾಂ ಆಚೀಚೆ ಆದರೂ ದೊಡ್ಡ ವ್ಯತ್ಯಾಸವೇ. ಅಂಥ ನಾಯಿಯನ್ನು ಕ್ಲಿನಿಕ್ಕಿನಲ್ಲಿ ತೂಗಿಸುವುದು ಒಳ್ಳೆಯದು. ಪೊಮೆರೇನಿಯನ್, ಶಿಟ್ಜುಗಳ ಉದ್ದ ಕೂದಲು ಮೈಯನ್ನು ಮುಚ್ಚಿಬಿಡುವುದರಿಂದ ಬೊಜ್ಜು ಕಣ್ಣಿಗೆ ಕಾಣುವುದಿಲ್ಲ. ಎರಡೂ ಕೈಯನ್ನು ಪಕ್ಕೆಯ ಮೇಲೆ ಆಡಿಸಿ. ಒತ್ತದೆಯೇ ಪಕ್ಕೆಲುಬು ಬೆರಳಿಗೆ ಸಿಕ್ಕರೆ ಸರಿ. ಒತ್ತಿ ಹುಡುಕಬೇಕಾದರೆ ಆ ನಾಯಿಗೆ ಐಸ್‌ಕ್ರೀಮಿನ ಮಾತೇ ಬೇಡ.

ದಿನಕ್ಕೆ ಎಷ್ಟು ಕ್ಯಾಲೊರಿ ಬೇಕೆಂಬುದನ್ನು ಫೋನಿನ ಕ್ಯಾಲ್ಕುಲೇಟರಿನಲ್ಲೇ ತೆಗೆಯಬಹುದು. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ (3 × 3 × 3 = 27), ಬಂದದ್ದಕ್ಕೆ ಸಾಲಾಗಿ ಎರಡು ಸಲ ವರ್ಗಮೂಲ ಒತ್ತಿ (2.28), 70ರಿಂದ ಗುಣಿಸಿ. 160 ಬಂತು. ಸುಮ್ಮನೆ ಮಲಗಿದ್ದರೂ ಮೂರು ಕೆ.ಜಿ. ನಾಯಿಗೆ ಬೇಕಾಗುವ ಶಕ್ತಿ ಅಷ್ಟು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ, ದಿನಕ್ಕೆರಡು ಸಲ ವಾಕಿಂಗ್ ಹೋಗುವ ನಾಯಿಗೆ ಇದನ್ನು 1.6ರಿಂದ ಗುಣಿಸಿದರೆ ಸುಮಾರು 250 ಕ್ಯಾಲೊರಿ. ಅಪಾರ್ಟ್‌ಮೆಂಟಿನಲ್ಲಿ ಸೋಫಾ ಬಿಟ್ಟು ಇಳಿಯದ ನಾಯಿಗೆ ಇನ್ನೂ ಕಡಿಮೆ. ಇದೇ ಲೆಕ್ಕದಲ್ಲಿ 2 ಕೆ.ಜಿ. ನಾಯಿಗೆ ಸುಮಾರು 185, 5 ಕೆ.ಜಿ. ನಾಯಿಗೆ 370, 8 ಕೆ.ಜಿ. ನಾಯಿಗೆ 530.

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ: ಬಿಸ್ಕತ್ತು, ಚಿಕನ್ ಚೂರು, ಹಣ್ಣು, ಐಸ್‌ಕ್ರೀಮ್, ಹೀಗೆ ಊಟದ ಹೊರತಾದ ಎಲ್ಲವೂ ಸೇರಿ ದಿನದ ಕ್ಯಾಲೊರಿಯ ಶೇ. 10 ದಾಟಬಾರದು. ಮೂರು ಕೆ.ಜಿ. ನಾಯಿಗೆ ಅದು 25 ಕ್ಯಾಲೊರಿ.

ಈಗ ಅಂಗಡಿಯ 100 ಎಂ.ಎಲ್. ಕಪ್ ತೆಗೆದುಕೊಳ್ಳಿ. ಐಸ್‌ಕ್ರೀಮಿನಲ್ಲಿ ಗಾಳಿ ತುಂಬಿರುತ್ತದೆ. ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಮಿಗಿಂತ ಕಡಿಮೆ ತೂಗಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಕಪ್ಪಿನಲ್ಲಿ ಕಡಿಮೆಯೆಂದರೂ ಸುಮಾರು 53 ಗ್ರಾಂ, ಗ್ರಾಮಿಗೆ ಸುಮಾರು 2 ಕ್ಯಾಲೊರಿಯಂತೆ 105. ಆ ಮೂರು ಕೆ.ಜಿ. ನಾಯಿಯ ಇಡೀ ದಿನದ ಅಗತ್ಯದಲ್ಲಿ ಶೇ. 40ಕ್ಕೂ ಹೆಚ್ಚು. ದಿನಕ್ಕೆ 2000 ಕ್ಯಾಲೊರಿ ತಿನ್ನುವ ನಮ್ಮಂಥವರು ಅದೇ ಪ್ರಮಾಣದಲ್ಲಿ ತಿನ್ನುವುದಾದರೆ ಎಂಟು ಕಪ್ ಒಟ್ಟಿಗೆ ಮುಗಿಸಬೇಕು.

ಹೊಟ್ಟೆ ಯಾಕೆ ಕೆಡುತ್ತದೆ

ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ತಾಯಿಹಾಲು ಕುಡಿಯುವ ಮರಿಗಳ ಕರುಳಿನಲ್ಲಿ ಧಾರಾಳವಾಗಿರುತ್ತದೆ. ಹಾಲು ಬಿಟ್ಟ ಮೇಲೆ ಬಹುತೇಕ ನಾಯಿಗಳಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಪರಿಣಾಮವಾಗಿ ಕೆಲವು ಗಂಟೆಗಳಲ್ಲಿ ಹೊಟ್ಟೆ ಗುಡುಗುಡು, ಗ್ಯಾಸ್, ನೀರುನೀರಾದ ಭೇದಿ. ದೊಡ್ಡ ನಾಯಿ ಎರಡು ಸಲ ಭೇದಿ ಮಾಡಿ ಸುಧಾರಿಸಿಕೊಳ್ಳಬಹುದು. ಎರಡು ಕೆ.ಜಿ. ನಾಯಿಯ ಮೈಯಲ್ಲಿರುವ ನೀರೇ ಕಡಿಮೆ, ಬೇಗ ನಿತ್ರಾಣವಾಗುತ್ತದೆ.

ಕುಲ್ಫಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಮನೆಯಲ್ಲಿ ಮಾಡಿದ್ದು, ಬಣ್ಣ ಹಾಕಿಲ್ಲ, ಶುದ್ಧ ಹಾಲಿನದ್ದು ಎಂದು ಅದನ್ನು ಐಸ್‌ಕ್ರೀಮಿಗಿಂತ ಒಳ್ಳೆಯದೆಂದುಕೊಳ್ಳುವವರು ಬಹಳ. ಹಾಲನ್ನು ಅರ್ಧಕ್ಕೆ ಇಂಗಿಸಿದಾಗ ಅದರೊಳಗಿನ ಲ್ಯಾಕ್ಟೋಸೂ ಕೊಬ್ಬೂ ಗ್ರಾಮಿಗೆ ಎರಡು ಪಟ್ಟಾಗುತ್ತವೆ. ಗಾಳಿಯೂ ತುಂಬಿರುವುದಿಲ್ಲವಾದ್ದರಿಂದ ಒಂದು ಚಮಚ ಕುಲ್ಫಿ ಒಂದು ಚಮಚ ಐಸ್‌ಕ್ರೀಮಿಗಿಂತ ಹೆಚ್ಚು ತೂಗುತ್ತದೆ. ನಾಯಿಯ ಹೊಟ್ಟೆಗೆ ಕುಲ್ಫಿಯೇ ಹೆಚ್ಚು ಭಾರ.

ಎರಡನೆಯ ತೊಂದರೆ ಕೊಬ್ಬು. ಐಸ್‌ಕ್ರೀಮ್ ಎಂದು ಮಾರಬೇಕಾದರೆ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು. ಒಮ್ಮೆಲೇ ಕೊಬ್ಬು ಜಾಸ್ತಿಯಾದರೆ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುತ್ತದೆ. ವೈದ್ಯರು ಪ್ಯಾಂಕ್ರಿಯಾಟೈಟಿಸ್ ಎನ್ನುವುದು ಇದಕ್ಕೇ. ಮಿನಿಯೇಚರ್ ಷ್ನೌಜರ್, ಯಾರ್ಕ್‌ಶೈರ್ ಟೆರಿಯರ್ ತಳಿಗಳಲ್ಲಿ ಇದು ಹೆಚ್ಚು. ಬೊಜ್ಜು ಬಂದ ಯಾವ ನಾಯಿಗೂ ಬರಬಹುದು. ಗುರುತು: ಮತ್ತೆಮತ್ತೆ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ನೋವು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಮಸ್ಕಾರ ಮಾಡುವ ಭಂಗಿಯಲ್ಲಿ ನಿಲ್ಲುವುದು. ಈ ಭಂಗಿಯನ್ನು ಆಟಕ್ಕೆ ಕರೆಯುತ್ತಿದೆ ಎಂದು ತಿಳಿದು ಸುಮ್ಮನಿರುವವರಿದ್ದಾರೆ. ಆಟಕ್ಕೆ ಕರೆಯುವ ನಾಯಿ ಬಾಲ ಆಡಿಸುತ್ತದೆ, ಕ್ಷಣದಲ್ಲಿ ಎದ್ದು ಓಡುತ್ತದೆ. ಹೊಟ್ಟೆನೋವಿನ ನಾಯಿ ಹಾಗೇ ನಿಂತಿರುತ್ತದೆ.

ಡಬ್ಬಿ ತಿರುಗಿಸಿ ಓದಿ

ಕೊಡುವ ಮೊದಲು ಡಬ್ಬಿಯ ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ಯಾವುದು ಹೆಚ್ಚು ಪ್ರಮಾಣದಲ್ಲಿದೆಯೋ ಅದು ಮೊದಲು ಬರುತ್ತದೆ. ‘ಫ್ರೋಜನ್ ಡೆಸರ್ಟ್’ ಎಂದು ಬರೆದಿದ್ದರೆ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಹಾಕಿದ್ದಾರೆ ಎಂದರ್ಥ. ಹಾಗೆಂದು ಲ್ಯಾಕ್ಟೋಸ್ ತಪ್ಪಿತು ಅಂದುಕೊಳ್ಳಬೇಡಿ, ಹಾಲಿನ ಪುಡಿ ಅದರಲ್ಲೂ ಇರುತ್ತದೆ. ತೆಂಗಿನ ಹಾಲು, ಗೋಡಂಬಿಯ ವೀಗನ್ ಐಸ್‌ಕ್ರೀಮುಗಳಲ್ಲಿ ಲ್ಯಾಕ್ಟೋಸ್ ಇಲ್ಲ, ಕೊಬ್ಬು ಮತ್ತು ಸಕ್ಕರೆ ಮಾತ್ರ ಕಡಿಮೆಯೇನಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಸಿಹಿಕಾರಕದ ಸಂಖ್ಯೆ. ಹೆಸರಿನ ಬದಲು ಬರೀ ಐಎನ್‌ಎಸ್ ಸಂಖ್ಯೆ (ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ) ಹಾಕಿರುವುದುಂಟು. 967 ಎಂದರೆ ಕ್ಸೈಲಿಟಾಲ್. ಈ ಒಂದು ಸಂಖ್ಯೆಯನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕು. ಮನುಷ್ಯರಿಗೆ ಏನೂ ಮಾಡದ ಈ ಸಿಹಿ ನಾಯಿಯ ಮೈಯಲ್ಲಿ ಇನ್ಸುಲಿನ್ ಒಮ್ಮೆಗೇ ಸುರಿಯುವಂತೆ ಮಾಡಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುತ್ತದೆ. ಕೆ.ಜಿ. ತೂಕಕ್ಕೆ 0.1 ಗ್ರಾಂ ಸಾಕು. ಪ್ರಮಾಣ ಕೆ.ಜಿ.ಗೆ 0.5 ಗ್ರಾಂ ದಾಟಿದರೆ ಯಕೃತ್ತೇ ಹಾಳಾಗಬಹುದು. ಐಸ್‌ಕ್ರೀಮಿನಲ್ಲಿ ನೂರಕ್ಕೆ ಹತ್ತರಷ್ಟು ಕ್ಸೈಲಿಟಾಲ್ ಇದೆಯೆನ್ನಿ: ಮೂರು ಕೆ.ಜಿ. ನಾಯಿಗೆ ಅಪಾಯದ 0.3 ಗ್ರಾಂ ಒಳಗೆ ಹೋಗಲು ಹೆಚ್ಚುಕಡಿಮೆ ಒಂದು ಟೀ ಚಮಚ ಐಸ್‌ಕ್ರೀಮ್ ಸಾಕು. ಸಕ್ಕರೆ ಕಾಯಿಲೆ ಇರುವ ಅಜ್ಜ ಅಜ್ಜಿಗೆಂದು ತಂದಿಟ್ಟ ಶುಗರ್‌ಫ್ರೀ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಓದಿ ನೋಡಿ. 965 (ಮಾಲ್ಟಿಟಾಲ್), 420 (ಸಾರ್ಬಿಟಾಲ್) ಇದ್ದರೆ ಅಷ್ಟು ಭಯವಿಲ್ಲ, ಆದರೆ ಭೇದಿ ತರಿಸುತ್ತವೆ.

ಚಾಕೊಲೇಟಿನಲ್ಲಿ ತೊಂದರೆ ಕೊಡುವುದು ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ರಾಸಾಯನಿಕ. ನಾಯಿಯ ಮೈ ಅದನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ಅರ್ಧ ಇಳಿಯಲು ಹದಿನೇಳೂವರೆ ಗಂಟೆ ಬೇಕು. ಕೆ.ಜಿ.ಗೆ 20 ಮಿ.ಗ್ರಾಂ ಆದಾಗ ಚಡಪಡಿಕೆ, ವಾಂತಿ ಶುರು, 40-60ಕ್ಕೆ ಎದೆಬಡಿತ ಏರುಪೇರು, 60 ದಾಟಿದರೆ ಸೆಳೆತ. ಮಿಲ್ಕ್ ಚಾಕೊಲೇಟಿನ ಪ್ರತಿ ಗ್ರಾಮಿನಲ್ಲಿ ಸುಮಾರು 2 ಮಿ.ಗ್ರಾಂ, ಡಾರ್ಕ್ ಚಾಕೊಲೇಟಿನಲ್ಲಿ 5 ಅಥವಾ ಹೆಚ್ಚು, ಕೋಕೋ ಪುಡಿಯಲ್ಲಿ ಸುಮಾರು 20. ಮೂರು ಕೆ.ಜಿ. ನಾಯಿಗೆ 12 ಗ್ರಾಂ ಡಾರ್ಕ್ ಚಾಕೊಲೇಟ್ ಅಥವಾ ಒಂದು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು ಕೋಕೋ ಪುಡಿ ತೊಂದರೆ ಕೊಡಲು ಸಾಕಾಗುತ್ತದೆ. ತೆಳುವಾದ ಚಾಕೊಲೇಟ್ ಐಸ್‌ಕ್ರೀಮ್ ಒಂದು ನೆಕ್ಕಿಗೆ ವಿಷವೇರುವುದಿಲ್ಲ ನಿಜ. ಆದರೆ ಚೋಕೋಬಾರಿನ ಹೊರಪದರ, ಚಾಕೊಲೇಟ್ ಚಿಪ್ಸ್, ಕೋನಿನ ತುದಿಯಲ್ಲಿ ಗಟ್ಟಿಯಾಗಿರುವ ಚಾಕೊಲೇಟ್ ತುಂಡು, ಕಾರ್ನರ್ ಹೌಸಿನ ಡೆತ್ ಬೈ ಚಾಕೊಲೇಟ್ ಥರದ ಕೇಕ್ ಮತ್ತು ಸಾಸ್ ಸೇರಿದ ಲೋಟಗಳಲ್ಲಿ ಎಷ್ಟು ಕೋಕೋ ಇದೆ ಎಂದು ಅಂದಾಜು ಮಾಡಲು ಆಗುವುದಿಲ್ಲ. ಆದ್ದರಿಂದ ಚಾಕೊಲೇಟ್ ಇರುವ ಯಾವುದೂ ಬೇಡ. ಫಿಲ್ಟರ್ ಕಾಫಿ ಐಸ್‌ಕ್ರೀಮಿನ ಕೆಫೀನಿಗೂ ಇದೇ ಮಾತು.

ದ್ರಾಕ್ಷಿಯ ವಿಷಯ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ, ಅದಕ್ಕೇ ಒತ್ತಿ ಹೇಳಬೇಕು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಯನ್ನು ಹಠಾತ್ತನೆ ಕೆಡಿಸಬಲ್ಲವು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬುದು 2021ರಿಂದೀಚೆ ತಜ್ಞರು ಮುಂದಿಟ್ಟಿರುವ ವಿವರಣೆ. ಹಣ್ಣಿನಿಂದ ಹಣ್ಣಿಗೆ ಪ್ರಮಾಣ ಬದಲಾಗುವುದರಿಂದ ಇಷ್ಟು ತಿಂದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. ದರ್ಶಿನಿಗಳ ‘ಫ್ರೂಟ್ ಸಲಾಡ್ ವಿತ್ ಐಸ್‌ಕ್ರೀಮ್’ ಬಟ್ಟಲಿನಲ್ಲಿ ದ್ರಾಕ್ಷಿ ಸಾಮಾನ್ಯ. ಗಡ್‌ಬಡ್‌ನಲ್ಲೂ ಹಣ್ಣಿನ ಚೂರು, ಗೋಡಂಬಿಯ ಜೊತೆ ದ್ರಾಕ್ಷಿ ಇರುತ್ತದೆ. ರಮ್ ಅಂಡ್ ರೈಸಿನ್ ಹೆಸರಲ್ಲೇ ಒಣದ್ರಾಕ್ಷಿ ಇದೆ. ಬ್ಲ್ಯಾಕ್ ಕರಂಟ್ ಎಂದು ಕೊಡುವುದರಲ್ಲೂ ಕಪ್ಪು ಒಣದ್ರಾಕ್ಷಿ ಇರಬಹುದು. ಇವುಗಳಲ್ಲಿ ದ್ರಾಕ್ಷಿ ಆರಿಸಿ ತೆಗೆದು ಉಳಿದದ್ದನ್ನು ಕೊಡುವ ಗೋಜಿಗೂ ಹೋಗಬೇಡಿ, ರಸ ಅದರಲ್ಲೇ ಬೆರೆತಿರುತ್ತದೆ.

ಮೆಕಡೇಮಿಯಾ ಬೀಜ ಹಿಂಗಾಲುಗಳ ಶಕ್ತಿ ಕುಂದಿಸುತ್ತದೆ, ದುಬಾರಿ ಐಸ್‌ಕ್ರೀಮುಗಳಲ್ಲಿ ಇರುತ್ತದೆ. ಪಿಸ್ತಾ, ಬಾದಾಮಿ ಚೂರುಗಳು ವಿಷವಲ್ಲದಿದ್ದರೂ ಕೊಬ್ಬು ಜಾಸ್ತಿ. ಐಸ್‌ಕ್ಯಾಂಡಿಯಲ್ಲಿ ಹಾಲಿಲ್ಲ, ಬರೀ ಸಕ್ಕರೆ ನೀರು ಮತ್ತು ಬಣ್ಣ. ಅಲ್ಲಿ ಭಯ ಕಡ್ಡಿಯದು. ಪಾರ್ಲರಿನಲ್ಲಿ ಸ್ಕೂಪ್ ಲೆಕ್ಕದಲ್ಲಿ ಕೊಡುವ ಐಸ್‌ಕ್ರೀಮಿಗೆ ಓದಲು ಡಬ್ಬಿಯೇ ಇರುವುದಿಲ್ಲ. ಒಂದೇ ಸೌಟಿನಿಂದ ಚಾಕೊಲೇಟನ್ನೂ ತೆಗೆದು ವೆನಿಲಾವನ್ನೂ ತೆಗೆಯುತ್ತಾರೆ. ನಾಯಿಗೆ ಅದು ಬೇಡ.

ಯಾವ ನಾಯಿಗೆ ಪೂರ್ತಿ ಬೇಡ

ವರ್ಷ ತುಂಬದ ಮರಿಗೆ, ಸಕ್ಕರೆ ಕಾಯಿಲೆ ಇರುವುದಕ್ಕೆ, ಹಿಂದೆ ಒಮ್ಮೆಯಾದರೂ ಪ್ಯಾಂಕ್ರಿಯಾಟೈಟಿಸ್ ಬಂದದ್ದಕ್ಕೆ, ಕಿಡ್ನಿ ಅಥವಾ ಯಕೃತ್ತಿನ ಔಷಧಿಯಲ್ಲಿರುವುದಕ್ಕೆ, ಬೊಜ್ಜಿನದಕ್ಕೆ ಬೇಡ. ಸದಾ ಕಿವಿ ಕೆರೆದುಕೊಳ್ಳುವ, ಪಾದ ನೆಕ್ಕುವ ನಾಯಿಗೂ ಬೇಡ. ನಾಯಿಗಳಲ್ಲಿ ಆಹಾರದ ಅಲರ್ಜಿಗೆ ಹಾಲಿನ ಪದಾರ್ಥ ಒಂದು ಸಾಮಾನ್ಯ ಕಾರಣ. ವಸಡು ಕೆಂಪಾಗಿ ಬಾಯಿ ವಾಸನೆ ಬರುತ್ತಿದ್ದರೆ ಮೊದಲು ಹಲ್ಲು ತೋರಿಸಿ. ಪುಟ್ಟ ತಳಿಗಳ ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿರುವುದರಿಂದ ವಸಡಿನ ರೋಗ ಬೇಗ ಬರುತ್ತದೆ, ತಣ್ಣಗಿನದ್ದು ತಾಗಿದರೆ ನೋಯುತ್ತದೆ.

ಕೊಡಲೇಬೇಕೆಂದರೆ ಹೀಗೆ ಕೊಡಿ

1. ಸಾದಾ ವೆನಿಲಾ, ಪಟ್ಟಿಯಲ್ಲಿ 967 ಇಲ್ಲದ್ದು, ಬೀಜ, ಹಣ್ಣು, ಸಾಸ್ ಯಾವುದೂ ಇಲ್ಲದ್ದು ಆರಿಸಿ. ಕರೆಂಟು ಹೋಗಿ ಕರಗಿ ಮತ್ತೆ ಗಟ್ಟಿಯಾದ, ಮೇಲೆ ಹರಳುಹರಳು ಕಟ್ಟಿದ ಡಬ್ಬಿ ಬೇಡ.

2. ಮೊದಲ ಸಲ ಬೆರಳ ತುದಿಯಷ್ಟು ಮಾತ್ರ. ಆಮೇಲೆ 24 ಗಂಟೆ ಮಲ ಹೇಗಿದೆ ನೋಡಿ. ಮೆತ್ತಗಾದರೆ, ಗ್ಯಾಸ್ ಜಾಸ್ತಿಯಾದರೆ ಆ ನಾಯಿಯ ಐಸ್‌ಕ್ರೀಮ್ ಅಧ್ಯಾಯ ಅಲ್ಲಿಗೇ ಮುಗಿಯಿತು.

3. ಒಗ್ಗಿದ ನಾಯಿಗೆ ಅಳತೆ: 2 ಕೆ.ಜಿ.ಗೆ ಅರ್ಧ ಟೀ ಚಮಚ, 3 ಕೆ.ಜಿ.ಗೆ ಒಂದು, 5 ಕೆ.ಜಿ.ಗೆ ಎರಡು, 8ರಿಂದ 10 ಕೆ.ಜಿ.ಗೆ ಮೂರು. ಸಮತಟ್ಟಾದ ಚಮಚ, ಗೋಪುರ ಮಾಡಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ಸಾಕು.

4. ಎರಡು ಮೂರು ನಿಮಿಷ ಹೊರಗಿಟ್ಟು ಮೆತ್ತಗಾದ ಮೇಲೆ ಸಾಮಾನ್ಯ ಉಷ್ಣತೆಯ ತಟ್ಟೆಯಲ್ಲಿ ತೆಳ್ಳಗೆ ಸವರಿ ಕೊಡಿ. ಸವರಿದರೆ ನೆಕ್ಕುತ್ತದೆ, ಗುಡ್ಡೆ ಹಾಕಿದರೆ ನುಂಗುತ್ತದೆ. ಫ್ರೀಜರಿನಿಂದ ನೇರ ತೆಗೆದ ಸ್ಟೀಲ್ ತಟ್ಟೆಗೆ ಒದ್ದೆ ನಾಲಿಗೆ ಅಂಟಿಕೊಳ್ಳಬಹುದು, ಅದು ಬೇಡ.

5. ಕಡ್ಡಿ, ಮುಚ್ಚಳ, ಕೋನಿನ ಕಾಗದ ಇವನ್ನು ನಾಯಿ ಬಗ್ಗಿ ನೋಡಲಾಗದ ಮುಚ್ಚಳದ ಕಸದ ಬುಟ್ಟಿಗೆ ಹಾಕಿ. ಕಡ್ಡಿಗೆ ಐಸ್‌ಕ್ರೀಮ್ ವಾಸನೆ ಹಿಡಿದಿರುವುದರಿಂದ ಅಗಿದು ನುಂಗುತ್ತವೆ. ಕುಲ್ಫಿಯ ಚೂಪು ಬಿದಿರುಕಡ್ಡಿಯಂತೂ ಕರುಳನ್ನೇ ಚುಚ್ಚಬಲ್ಲದು.

6. ಆ ದಿನ ಬೇರೆ ಬಿಸ್ಕತ್ತು, ತಿಂಡಿ ಇಲ್ಲ.

ಕೂಡುಕುಟುಂಬದಲ್ಲಿ ಐದನೆಯ, ಆರನೆಯ ಹೆಜ್ಜೆಗಿಂತ ಕಷ್ಟವಾದದ್ದು ಮೂರನೆಯದು. ಅಮ್ಮ ಒಂದು ಚಮಚ, ಅಜ್ಜಿ ಒಂದು ಚಮಚ, ಮಕ್ಕಳು ಒಂದೊಂದು. ಪ್ರತಿಯೊಬ್ಬರ ಲೆಕ್ಕದಲ್ಲೂ ತಾವು ಕೊಟ್ಟದ್ದು ಒಂದೇ. ಹಾಗಾಗಿ ಕೊಡುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇರಲಿ. ಕೊಟ್ಟ ದಿನಾಂಕವನ್ನು ಫ್ರಿಜ್ಜಿನ ಬಾಗಿಲ ಮೇಲೆ ಬರೆದುಬಿಡಿ.

ಐಸ್‌ಕ್ರೀಮಿನ ಬದಲು: ಮೊಸರಿನ ಬಿಲ್ಲೆ

ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ತಾವೇ ತಿಂದುಬಿಡುತ್ತವೆ. ಅದಕ್ಕೇ ಹಾಲು ಒಗ್ಗದ ಎಷ್ಟೋ ನಾಯಿಗಳಿಗೆ ಮೊಸರು ಒಗ್ಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿದರೆ ಬಸಿದುಹೋಗುವ ನೀರಿನ ಜೊತೆ ಇನ್ನಷ್ಟು ಲ್ಯಾಕ್ಟೋಸ್ ಹೋಗುತ್ತದೆ.

ಬೇಕಾದದ್ದು: ಮನೆಯ ಮೊಸರು ಅಥವಾ ನಂದಿನಿ ಪ್ಯಾಕೆಟ್ಟಿನ ಸಾದಾ ಮೊಸರು 100 ಗ್ರಾಂ, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಒಂದು, ಸುಮಾರು 50 ಗ್ರಾಂ. ಸಕ್ಕರೆ, ಬೆಲ್ಲ, ಜೇನು ಬೇಡ. ಹಣ್ಣಿನ ಸ್ವಾದದ ಅಂಗಡಿ ಯೋಗರ್ಟ್ ಬೇಡ.

ಬಾಳೆಹಣ್ಣನ್ನು ಫೋರ್ಕಿನಲ್ಲಿ ನುಣ್ಣಗೆ ಕಿವುಚಿ ಮೊಸರಿಗೆ ಸೇರಿಸಿ ಗಂಟಿಲ್ಲದಂತೆ ಕಲಸಿ. ಐಸ್ ಟ್ರೇಯ ಪ್ರತಿ ಗುಳಿಗೆ ಒಂದೇ ಟೀ ಚಮಚ ಹಾಕಿ, ಗುಳಿ ತುಂಬಿಸಬೇಡಿ. ತುಂಬಿಸಿದರೆ ಕಲ್ಲಿನಂಥ ಗಟ್ಟಿ ತುಂಡಾಗುತ್ತದೆ, ಪುಟ್ಟ ನಾಯಿ ಅದನ್ನು ಕಚ್ಚಲು ಹೋಗಿ ಹಲ್ಲು ಮುರಿದುಕೊಳ್ಳಬಹುದು, ಇಡಿಯಾಗಿ ನುಂಗಿ ಗಂಟಲಿಗೆ ಸಿಕ್ಕಿಸಿಕೊಳ್ಳಬಹುದು. ಒಂದು ಚಮಚದ ತೆಳು ಬಿಲ್ಲೆ ಬೇಗ ಮೆತ್ತಗಾಗುತ್ತದೆ. ಬಾಳೆಹಣ್ಣು ಹಾಕುವುದೂ ಅದಕ್ಕೇ: ಬರೀ ಮೊಸರು ಹಿಮದ ಹರಳಾಗುತ್ತದೆ, ಹಣ್ಣಿನ ಸಕ್ಕರೆ ಸೇರಿದರೆ ಸ್ವಲ್ಪ ಮೆದುವಾಗಿ ಉಳಿಯುತ್ತದೆ. ನಾಲ್ಕು ಗಂಟೆ ಫ್ರೀಜರಿನಲ್ಲಿಟ್ಟು, ಬಿಲ್ಲೆಗಳನ್ನು ಬಿಡಿಸಿ ಡಬ್ಬಿಗೆ ಹಾಕಿ ದಿನಾಂಕ ಬರೆದಿಡಿ. ಎರಡು ವಾರದೊಳಗೆ ಮುಗಿಸಿ. ಕೊಡುವ ಮುನ್ನ ಐದು ನಿಮಿಷ ಹೊರಗಿಡಿ. ಬೆರಳಿನಿಂದ ಒತ್ತಿದರೆ ತಗ್ಗಬೇಕು.

ಒಂದು ಬಿಲ್ಲೆಯಲ್ಲಿ ಸುಮಾರು ಮೂರೂವರೆ ಕ್ಯಾಲೊರಿ. ಮೂರು ಕೆ.ಜಿ. ನಾಯಿಗೆ ದಿನಕ್ಕೆ ಎರಡು ಕೊಟ್ಟರೂ ಲೆಕ್ಕ ತಪ್ಪುವುದಿಲ್ಲ. ಸಕ್ಕರೆ ಕಾಯಿಲೆಯ ನಾಯಿಗೆ ಬಾಳೆಹಣ್ಣು ಬಿಡಿ, ಮೊಸರು ಕೊಡುವ ಬಗ್ಗೆಯೂ ವೈದ್ಯರನ್ನು ಕೇಳಿ.

ರಾಗಿ ಅಂಬಲಿಯನ್ನೂ ಹೀಗೇ ಮಾಡಬಹುದು. ಒಂದು ಟೇಬಲ್ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಒಟ್ಟು 200 ಎಂ.ಎಲ್. ನೀರಿನಲ್ಲಿ ಹತ್ತು ನಿಮಿಷ ಕೈಬಿಡದೆ ಕೆದಕಿ ಬೇಯಿಸಿ. ಹಸಿ ವಾಸನೆ ಹೋಗಿ ಮಿಂಚು ಬರಬೇಕು. ಪೂರ್ತಿ ಆರಿದ ಮೇಲೆ ಎರಡು ಟೇಬಲ್ ಚಮಚ ಮೊಸರು ಸೇರಿಸಿ ಟ್ರೇಗೆ ಹಾಕಿ. ನಮಗೆ ಮಾಡಿಕೊಳ್ಳುವ ಅಂಬಲಿಯಲ್ಲಿ ಈರುಳ್ಳಿ, ಹಸಿಮೆಣಸು, ಉಪ್ಪು ಇರುತ್ತದೆ. ಅದರಿಂದ ತೆಗೆದು ನಾಯಿಗೆ ಹಾಕುವ ಹಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಮಜ್ಜಿಗೆಯೂ ಬೇಡ.

ಹಾಲಿನ ಪದಾರ್ಥವೇ ಒಗ್ಗದ ನಾಯಿಗೆ ಚಿಕನ್ ನೀರು ಒಳ್ಳೆಯದು. ಚರ್ಮ ತೆಗೆದ, ಮೂಳೆಯಿಲ್ಲದ ಚಿಕನ್ 100 ಗ್ರಾಂ, ನೀರು ಅರ್ಧ ಲೀಟರ್, ಸಣ್ಣ ಉರಿಯಲ್ಲಿ ಮೂವತ್ತು ನಿಮಿಷ. ಉಪ್ಪು, ಅರಿಶಿನ, ಮಸಾಲೆ ಏನೂ ಇಲ್ಲ. ಸೋಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿಯಾಗಿ ಕಟ್ಟುತ್ತದೆ. ಅದನ್ನು ಚಮಚದಿಂದ ಪೂರ್ತಿ ಎತ್ತಿ ಬಿಸಾಡಿದ ಮೇಲೆಯೇ ಟ್ರೇಗೆ ಹಾಕಬೇಕು. ಈ ಹೆಜ್ಜೆ ತಪ್ಪಿಸಿದರೆ ಐಸ್‌ಕ್ರೀಮಿನ ಕೊಬ್ಬು ಬಿಟ್ಟು ಕೋಳಿಯ ಕೊಬ್ಬು ಕೊಟ್ಟಂತಾಯಿತು.

ಇಷ್ಟೂ ಮಾಡಲು ಪುರುಸೊತ್ತಿಲ್ಲದಿದ್ದರೆ ಕಲ್ಲಂಗಡಿ. ಬೀಜ, ಸಿಪ್ಪೆ ತೆಗೆದು ಕಡಲೆಬೀಜದ ಗಾತ್ರಕ್ಕೆ ಹೆಚ್ಚಿ ತಣ್ಣಗೆ ಮಾಡಿ ನಾಲ್ಕೈದು ಚೂರು ಕೊಡಿ. ಪಪಾಯಿ, ಸೌತೆಕಾಯಿಯೂ ಆದೀತು. ಮಾವು ಕೊಡುವುದಾದರೆ ತಿರುಳು ಮಾತ್ರ, ವಾಟೆ ಬಾಯಿಗೆ ಸಿಗಬಾರದು. ಪೆಟ್ ಅಂಗಡಿಗಳಲ್ಲಿ ನಾಯಿಗೆಂದೇ ಮಾಡಿದ ಐಸ್‌ಕ್ರೀಮ್ ಸಿಗುತ್ತದೆ. ಅದರ ಮೇಲೂ ಕ್ಯಾಲೊರಿ ಎಷ್ಟು, ಹಾಲಿನ ಪುಡಿ ಇದೆಯೇ ಎಂದು ಓದಿಯೇ ಕೊಳ್ಳಿ.

ಸೆಕೆಗೆ ಐಸ್‌ಕ್ರೀಮ್ ಮದ್ದಲ್ಲ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ನಮ್ಮೂರು ತಂಪು ಎಂಬ ನಂಬಿಕೆಯ ಮೇಲೆ ನಾಯಿಯನ್ನು ಮಧ್ಯಾಹ್ನ ಹೊರಗೆ ಕರೆದೊಯ್ಯುವ ಕಾಲ ಇದಲ್ಲ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್, ಶಿಟ್ಜುಗಳ ಚಪ್ಪಟೆ ಮೂಗಿನಲ್ಲಿ ಗಾಳಿ ಸಲೀಸಾಗಿ ಆಡುವುದಿಲ್ಲ. ಜೋರಾಗಿ ಏದುಸಿರು ಬಿಡುತ್ತಿರುವ ನಾಯಿಯ ಬಾಯಿಗೆ ಐಸ್‌ಕ್ರೀಮ್ ಇಟ್ಟರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಮೈ ತಂಪಾಗುವುದಂತೂ ಇಲ್ಲ.

ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ. ನಿಲ್ಲದ ಏದುಸಿರು, ಗಟ್ಟಿ ಜೊಲ್ಲು, ಕಡುಕೆಂಪು ಅಥವಾ ನೀಲಿ ವಸಡು, ತೂರಾಟ ಕಂಡರೆ ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ನಲ್ಲಿ ನೀರು ಸುರಿಯಿರಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ತಿನ್ನಬಾರದ್ದನ್ನು ತಿಂದುಬಿಟ್ಟರೆ

ಸಾದಾ ವೆನಿಲಾ ಸ್ವಲ್ಪ ಜಾಸ್ತಿ ತಿಂದು ಒಂದೆರಡು ಸಲ ಭೇದಿಯಾಗಿ, ನಾಯಿ ಲವಲವಿಕೆಯಿಂದ ಇದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಕುಡಿಯಲು ನೀರು ಸದಾ ಇರಲಿ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಬರೀ ಬೇಯಿಸಿದ ಚಿಕನ್ ಸೇರಿಸಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಕೊಡಿ. ಹಾಲು, ಮೊಸರು ಎರಡೂ ನಿಲ್ಲಿಸಿ. ದೊಡ್ಡ ನಾಯಿಯನ್ನು ಉಪವಾಸ ಕೆಡವುವ ಹಾಗೆ ಪುಟ್ಟ ನಾಯಿಯನ್ನು, ಅದರಲ್ಲೂ ಮರಿಯನ್ನು ಕೆಡವಬೇಡಿ. ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ನಮ್ಮ ಭೇದಿ ಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಯಾವುದನ್ನೂ ಕೊಡಬೇಡಿ.

ಎರಡು ಮೂರು ಸಲಕ್ಕಿಂತ ಹೆಚ್ಚು ವಾಂತಿ, ಮಲದಲ್ಲಿ ರಕ್ತ ಅಥವಾ ಟಾರಿನಂಥ ಕಪ್ಪು, ವಸಡು ಅಂಟಂಟಾಗುವುದು, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೂರದಿರುವುದು, ನಡುಕ, ಎದ್ದೇಳದಿರುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಕ್ಸೈಲಿಟಾಲ್, ಚಾಕೊಲೇಟ್, ದ್ರಾಕ್ಷಿ ತಿಂದಿದ್ದರೆ ಲಕ್ಷಣ ಕಾಣುವವರೆಗೂ ಕಾಯುವುದೇ ತಪ್ಪು. ತಿಂದ ಎರಡು ಗಂಟೆಯೊಳಗೆ ತಲುಪಿದರೆ ವೈದ್ಯರು ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಬಲ್ಲರು. ಕ್ಸೈಲಿಟಾಲ್ ಅರ್ಧ ಗಂಟೆಯಲ್ಲೇ ಸಕ್ಕರೆ ಇಳಿಸಬಹುದು, ಕೆಲವೊಮ್ಮೆ ಹನ್ನೆರಡು ಗಂಟೆ ತಡವಾಗಿಯೂ ಇಳಿಸುತ್ತದೆ. ಚಾಕೊಲೇಟಿನ ಲಕ್ಷಣ ಎರಡರಿಂದ ಹನ್ನೆರಡು ಗಂಟೆಯೊಳಗೆ. ದ್ರಾಕ್ಷಿಯ ಕಿಡ್ನಿ ತೊಂದರೆ ಹೊರಗೆ ಕಾಣಲು ಒಂದೆರಡು ದಿನವೇ ಬೇಕಾಗಬಹುದು, ಆಗ ಕಾಲ ಮಿಂಚಿರುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಪುಟ್ಟ ನಾಯಿಗೆ ಆ ಉಪ್ಪೇ ಇನ್ನೊಂದು ವಿಷ. ಕ್ಸೈಲಿಟಾಲ್ ತಿಂದ ನಾಯಿ ತೂಕಡಿಸುತ್ತಿದ್ದು, ಪ್ರಜ್ಞೆಯಿದ್ದು ನುಂಗಬಲ್ಲದಾದರೆ ದಾರಿಯಲ್ಲಿ ವಸಡಿಗೆ ಜೇನು ಅಥವಾ ಸಕ್ಕರೆ ಪಾಕ ಸವರುತ್ತಿರಿ.

ಬೆಂಗಳೂರಿನಲ್ಲಿ ಸಂಜೆಯ ಟ್ರಾಫಿಕ್ಕಿನಲ್ಲಿ ಎಂಟು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯುವುದು ಹೊಸದಲ್ಲ. ಹಾಗಾಗಿ ಹೊರಡುವ ಮೊದಲೇ ಫೋನ್ ಮಾಡಿ, ವೈದ್ಯರು ಇದ್ದಾರೆಯೇ, ಡ್ರಿಪ್ ಹಾಕುವ ಸೌಲಭ್ಯ ಇದೆಯೇ ಕೇಳಿಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೋಧನಾ ಆಸ್ಪತ್ರೆ ಇದೆ. ಉತ್ತರ ಭಾಗದವರಿಗೆ ಅದು ಹತ್ತಿರ. ಉಳಿದವರು ಮನೆಗೆ ಹತ್ತಿರವಿರುವ, ರಾತ್ರಿಯೂ ತೆರೆದಿರುವ ಒಂದು ಆಸ್ಪತ್ರೆಯನ್ನು ಗುರುತಿಸಿ ನಂಬರನ್ನು ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.

ಹೋಗುವಾಗ ಖಾಲಿ ಡಬ್ಬಿ ಅಥವಾ ಕವರನ್ನು ಜೊತೆಗೆ ತೆಗೆದುಕೊಂಡು ಹೋಗಿ. ನಾಯಿಯ ತೂಕ, ಏನು ತಿಂದಿತು, ಸುಮಾರು ಎಷ್ಟು, ಎಷ್ಟು ಹೊತ್ತಿಗೆ ತಿಂದಿತು, ಆಮೇಲೆ ವಾಂತಿ ಮಾಡಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಕಡ್ಡಿ ನುಂಗಿರುವ ಅನುಮಾನವಿದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಮರದ ಕಡ್ಡಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹೇಳಿದರೆ ವೈದ್ಯರು ಅಲ್ಟ್ರಾಸೌಂಡ್ ಅಥವಾ ಎಂಡೋಸ್ಕೋಪಿಯಲ್ಲಿ ಹುಡುಕುತ್ತಾರೆ.